ಊರೆಲ್ಲ ಸಾಲಿಗೆ ಬರುವ ದಿನ

ಜನವರಿ ಮುಗಿಯುವ ಹೊತ್ತಿಗೂ ವಿಜಯಪುರದ ಬಯಲುಸೀಮೆಯಲ್ಲಿ ರಾತ್ರಿಯ ಥಂಡಿ ಬಿಟ್ಟಿರುವುದಿಲ್ಲ. ಎರೆಹೊಲದಲ್ಲಿ ಬಿಳಿಜೋಳ ತೆನೆಗಟ್ಟಿ ನಿಂತಿರುತ್ತದೆ, ಟಿಕೋಟಾ ಕಡೆಯ ತೋಟಗಳಲ್ಲಿ ದ್ರಾಕ್ಷಿ ಗೊನೆಗೆ ಸಿಹಿ ಇಳಿಯುತ್ತಿರುತ್ತದೆ. ದಿನವಿಡೀ ಹೊಲದಲ್ಲಿ ದುಡಿದು ಬಂದ ಹೆಂಗಸರು ಅಂದು ಮಾತ್ರ ಅವಸರದಲ್ಲಿ ರೊಟ್ಟಿ ಬಡಿದು, ಉಂಡು, ಚಾದರ ಹೊದ್ದು, ಕೂಸನ್ನು ಬಗಲಿಗೇರಿಸಿಕೊಂಡು ಹೊರಡುತ್ತಾರೆ. ಕೈಯಲ್ಲೊಂದು ಗೋಣಿತಟ್ಟು. ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಸಾಲಿಯ ಅಂಗಳದ ಗಿಡದ ಟೊಂಗೆಗೆ ಕಟ್ಟಿದ ಧ್ವನಿವರ್ಧಕ ಸಂಜೆಯಿಂದಲೇ ಊರಿಗೆಲ್ಲ ಸಾರಿರುತ್ತದೆ: ಇವತ್ತು ಗ್ಯಾದರಿಂಗ್.

ಬೆಂಗಳೂರು, ಮೈಸೂರು ಕಡೆ ಇದನ್ನು ಶಾಲಾ ವಾರ್ಷಿಕೋತ್ಸವ ಎನ್ನುತ್ತಾರೆ. ಆಮಂತ್ರಣ ಪತ್ರಿಕೆಯಲ್ಲಿ ಇಲ್ಲಿಯೂ ‘ವಾರ್ಷಿಕ ಸ್ನೇಹ ಸಮ್ಮೇಳನ’ ಎಂದೇ ಅಚ್ಚಾಗಿರುತ್ತದೆ. ಬಾಯಲ್ಲಿ ಮಾತ್ರ ಗ್ಯಾದರಿಂಗ್. ಶಾಲೆ ಸಾಲಿಯಾದ ಹಾಗೆ, ಗುರುಗಳು ಮಾಸ್ತರರಾದ ಹಾಗೆ, ಟೀಚರು ಅಕ್ಕೋರಾದ ಹಾಗೆ ಇದೂ ಈ ಸೀಮೆಯ ಕನ್ನಡವೇ ಆಗಿಬಿಟ್ಟಿದೆ. ಆ ಪದದ ಹಿಂದೊಂದು ಚರಿತ್ರೆಯಿದೆ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬಯಿಯ ಆಡಳಿತದಲ್ಲಿತ್ತು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ, ಅಂದರೆ ಈಗಿನ ವಿಜಯಪುರಕ್ಕೆ, ಬಂದ ಮೇಲೆ ನಗರದಲ್ಲಿ ಶಾಲೆಗಳು ಹೆಚ್ಚಿದವು. ಅವುಗಳ ರೀತಿ ರಿವಾಜುಗಳೆಲ್ಲ ಪುಣೆ, ಮುಂಬಯಿ ಕಡೆಯಿಂದ ಹರಿದು ಬಂದವು. ಮರಾಠಿಯ ‘ಸ್ನೇಹಸಂಮೇಲನ’ ಕನ್ನಡದ ಸ್ನೇಹ ಸಮ್ಮೇಳನವಾಯಿತು. ಡಿಪುಟಿ ಚನ್ನಬಸಪ್ಪನವರಂಥವರು ಹತ್ತೊಂಬತ್ತನೆಯ ಶತಮಾನದಲ್ಲಿ ಹಟ ಹಿಡಿದು ಕನ್ನಡ ಶಾಲೆಗಳನ್ನು ತೆರೆಸದಿದ್ದರೆ ಆ ವೇದಿಕೆಯ ಮೇಲಿನ ಮಾತೂ ಮರಾಠಿಯಾಗಿಯೇ ಉಳಿಯುತ್ತಿತ್ತೋ ಏನೋ. ಇಂದಿಗೂ ವಿಜಯಪುರದ ಸರಕಾರಿ ಶಾಲೆಗಳನ್ನು ಜನ ಗುರುತಿಸುವುದು ಕೆ.ಬಿ.ಎಸ್., ಕೆ.ಜಿ.ಎಸ್., ಯು.ಬಿ.ಎಸ್., ಯು.ಜಿ.ಎಸ್. ಎಂಬ ಹಳೆಯ ಅಕ್ಷರಗಳಿಂದ. ಕನ್ನಡ ಗಂಡು ಮಕ್ಕಳ ಶಾಲೆ, ಕನ್ನಡ ಹೆಣ್ಣು ಮಕ್ಕಳ ಶಾಲೆ, ಉರ್ದು ಗಂಡು ಮಕ್ಕಳ ಶಾಲೆ, ಉರ್ದು ಹೆಣ್ಣು ಮಕ್ಕಳ ಶಾಲೆ ಎಂದು ಅವುಗಳ ಅರ್ಥ. ಗಂಡು ಮಕ್ಕಳ ಶಾಲೆಯಲ್ಲಿ ಈಗ ಹುಡುಗಿಯರೂ ಕೂತಿರುತ್ತಾರೆ. ಹೆಸರು ಮಾತ್ರ ಹಾಗೆಯೇ ಇದೆ.

ಗ್ಯಾದರಿಂಗಿನ ತಯಾರಿ ಸಂಕ್ರಾಂತಿಯ ಆಸುಪಾಸಿನಲ್ಲೇ ಶುರು. ಮಧ್ಯಾಹ್ನದ ಊಟವಾದ ಮೇಲೆ ಮೈದಾನದಲ್ಲಿ ಲೇಝಿಮ್ ಸದ್ದು ಕೇಳುತ್ತದೆ. ಕಟ್ಟಿಗೆಯ ಹಿಡಿಕೆ, ಅದಕ್ಕೊಂದು ಸರಪಳಿ, ಸರಪಳಿಯ ತುಂಬ ಲೋಹದ ಬಿಲ್ಲೆಗಳು. ಹಲಗಿಯ ಪೆಟ್ಟಿಗೆ ನಲವತ್ತು ಮಕ್ಕಳು ಒಟ್ಟಿಗೆ ಬಾಗಿ ಏಳಬೇಕು. ಒಬ್ಬ ತಪ್ಪಿದರೂ ಸದ್ದು ಒಡೆಯುತ್ತದೆ, ಅದು ಮಕ್ಕಳ ಕಿವಿಗೇ ಮೊದಲು ತಿಳಿಯುತ್ತದೆ. ಮಾಸ್ತರರು ಬಯ್ಯುವ ಮೊದಲೇ ಪಕ್ಕದ ಹುಡುಗ ಗುದ್ದಿರುತ್ತಾನೆ. ಕೋಲಾಟ, ಡೊಳ್ಳು, ಸಿನಿಮಾ ಹಾಡಿನ ಕುಣಿತ ಎಲ್ಲ ಇರುತ್ತವೆ. ಆದರೂ ಈ ಭಾಗದ ಹಳೆಯ ತಲೆಗಳಿಗೆ ಗ್ಯಾದರಿಂಗ್ ಎಂದರೆ ಮೊದಲು ನೆನಪಾಗುವುದು ಲೇಝಿಮ್.

ವೇಷಭೂಷಣ ಬಾಡಿಗೆಗೆ ಸಿಗುತ್ತದೆ. ಆದರೆ ಒಳ್ಳೆಯ ವೇಷ ಬರುವುದು ಮನೆಯ ಟ್ರಂಕಿನಿಂದ. ಲಂಬಾಣಿ ತಾಂಡಾದ ಹುಡುಗಿ ಕುಣಿಯುವುದಾದರೆ ಅಜ್ಜಿಯ ಫೇಟಿಯಾ, ಕಾಂಚಳಿ ಹೊರಬೀಳುತ್ತವೆ. ಕನ್ನಡಿ, ಕವಡೆ ಹೊಲಿದ ಆ ಭಾರದ ಲಂಗ ಮೊಮ್ಮಗಳ ಸೊಂಟದಲ್ಲಿ ನಿಲ್ಲುವುದಿಲ್ಲ, ಪಿನ್ನು ಚುಚ್ಚಿ ನಿಲ್ಲಿಸುತ್ತಾರೆ. ತಾಯಂದಿರಲ್ಲಿ ಅನೇಕರು ಈಗ ಆ ಉಡುಪು ತೊಡುವುದಿಲ್ಲ. ಹೀಗಾಗಿ ಅಜ್ಜಿ ಮುಂದಿನ ಸಾಲಿನಲ್ಲಿ ಕೂತು ನೋಡುವುದು ಬರಿ ಮೊಮ್ಮಗಳನ್ನಷ್ಟೇ ಅಲ್ಲ. ಫೆಬ್ರುವರಿ 15ರ ಸಂತ ಸೇವಾಲಾಲ ಜಯಂತಿಗೂ ಅದೇ ಉಡುಪು ಮತ್ತೊಮ್ಮೆ ಕೆಲಸಕ್ಕೆ ಬರುತ್ತದೆ. ಮೊಹರಂ ಬಂದಾಗ ಓಣಿಯಲ್ಲಿ ಅಲಾಯಿ ಹೆಜ್ಜೆ ಹಾಕಿ ಕಲಿತ ಹುಡುಗರಿಗೆ ಸಾಲಿಯ ವೇದಿಕೆಯ ಮೇಲೆ ಬೇರೆ ಮಾಸ್ತರು ಬೇಕಾಗುವುದೇ ಇಲ್ಲ. ಊರು ಕಲಿಸಿದ್ದನ್ನು ಸಾಲಿ ತೋರಿಸುತ್ತದೆ, ಅಷ್ಟೆ.

ಸರಕಾರವೂ ಮಕ್ಕಳಿಗೆ ವೇದಿಕೆ ಕೊಟ್ಟಿದೆ. ಎರಡು ದಶಕ ದಾಟಿದ ‘ಪ್ರತಿಭಾ ಕಾರಂಜಿ’ ಕ್ಲಸ್ಟರ್ ಮಟ್ಟದಿಂದ ರಾಜ್ಯ ಮಟ್ಟದವರೆಗೆ ಮಕ್ಕಳನ್ನು ಒಯ್ಯುತ್ತದೆ. ಕಂಠಪಾಠ, ಕಥೆ ಹೇಳುವುದು, ಛದ್ಮವೇಷ, ಮಣ್ಣಿನ ಮಾದರಿ ಇವೆಲ್ಲ ಅಲ್ಲಿವೆ. ಮಣ್ಣಿನ ಮಾದರಿಯಲ್ಲಂತೂ ಈ ಜಿಲ್ಲೆಯ ಮಕ್ಕಳು ಹುಟ್ಟಾ ಪಳಗಿದವರು. ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡೆತ್ತು ಮಾಡಿ, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಾಡಿ ಅವರ ಬೆರಳು ತಯಾರಾಗಿರುತ್ತದೆ. ಆದರೆ ಕಾರಂಜಿ ಸ್ಪರ್ಧೆ. ಅಲ್ಲಿ ಒಂದು ಕೂಸು ಮುಂದೆ ಹೋದರೆ ಉಳಿದವು ಮನೆಗೆ ಮರಳುತ್ತವೆ. ಗ್ಯಾದರಿಂಗಿನಲ್ಲಿ ಹಾಗೆ ಸೋಸುವುದಿಲ್ಲ. ಹಾಡಲು ಬಾರದವನು ಗಿಡವಾಗಿ ನಿಲ್ಲುತ್ತಾನೆ, ಮಾತು ತೊದಲುವವಳು ಗುಂಪಿನಲ್ಲಿ ಕುಣಿಯುತ್ತಾಳೆ. ಎರಡರಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕೆಂದರೆ ಹಳ್ಳಿಯ ತಾಯಿ ಯಾವುದನ್ನು ಆರಿಸುತ್ತಾಳೆಂದು ಹೇಳಬೇಕಾಗಿಲ್ಲ.

ಪಾಲಕರ ಸಭೆಗೆ ಜನ ಬರುವುದಿಲ್ಲ ಎಂಬುದು ಮಾಸ್ತರರ ಹಳೆಯ ಕೊರಗು. 2001ರಲ್ಲಿ, ರಾಜಾ ರಾಮಣ್ಣ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ, ರಾಜ್ಯದ ಸರಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಹುಟ್ಟಿದವು. ಜನರ ಬಾಯಲ್ಲಿ ಅದು ಎಸ್‌ಡಿಎಂಸಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಇನ್ನೂ ಗಟ್ಟಿಯಾಗಿ ಹೇಳಿತು: ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಕಾಗದದ ಮೇಲೆ ಸಾಲಿ ಊರಿನ ಕೈಗೆ ಬಂತು. ಆದರೆ ಕೂಲಿಗೆ ಹೋಗುವ ತಾಯಿ ಹಗಲು ಸಭೆಗೆ ಬಂದರೆ ಆ ದಿನದ ಪಗಾರ ಹೋಗುತ್ತದೆ. ರಾತ್ರಿಯ ಗ್ಯಾದರಿಂಗಿಗೆ ಅವಳು ಬರುತ್ತಾಳೆ. ಬಂದವಳು ಸೋರುವ ಮಾಳಿಗೆ ನೋಡುತ್ತಾಳೆ, ಬಾಗಿಲಿಲ್ಲದ ಶೌಚಾಲಯ ನೋಡುತ್ತಾಳೆ, ಗೋಡೆಯ ಮೇಲೆ ಅಂಟಿಸಿದ ಮಗಳ ಚಿತ್ರವನ್ನೂ ನೋಡುತ್ತಾಳೆ. ಮರುವಾರದ ಸಭೆಯಲ್ಲಿ ಏಳುವ ಪ್ರಶ್ನೆಗಳು ಆ ರಾತ್ರಿಯೇ ಹುಟ್ಟಿರುತ್ತವೆ.

ಹಳೆಯ ವಿದ್ಯಾರ್ಥಿಗಳು ಬರುವುದೂ ಆಗಲೇ. ಈ ಜಿಲ್ಲೆಯಲ್ಲಿ ನೂರು ವರ್ಷ ದಾಟಿದ ಪ್ರಾಥಮಿಕ ಶಾಲೆಗಳು ಹಲವು. ಶತಮಾನೋತ್ಸವ, ಗುರುವಂದನೆ ಎಂದು ವಾಟ್ಸ್‌ಆಪ್ ಗುಂಪಿನಲ್ಲಿ ಮಾತು ಎದ್ದರೆ ಪುಣೆ, ಸೊಲ್ಲಾಪುರ, ಗೋವಾ, ಬೆಂಗಳೂರಿನಿಂದ ಜನ ಬಂದಿಳಿಯುತ್ತಾರೆ. ಒಬ್ಬ ಫ್ಯಾನು ಕೊಡಿಸುತ್ತಾನೆ, ಒಬ್ಬ ಊಟದ ತಾಟು, ಇನ್ನೊಬ್ಬ ಕಪಾಟು. ದಾನಿಗಳ ಹೆಸರು ಫ್ಯಾನಿನ ರೆಕ್ಕೆಯ ಮೇಲೂ ಬರೆದಿರುತ್ತದೆ. ತಿರುಗುವಾಗ ಓದಲು ಬಾರದು.

ಸಾಲಿಯ ವಿಶೇಷ ದಿನಗಳ ಮಾತು ಬಂದರೆ ಸೊಲ್ಲಾಪುರ ರಸ್ತೆಯನ್ನು ಬಿಡುವಂತಿಲ್ಲ. ವಿಜಯಪುರ ನಗರದಿಂದ ಉತ್ತರಕ್ಕೆ ಹೊರಟು, ಝಳಕಿ ದಾಟಿ, ಧೂಳಖೇಡದ ಬಳಿ ಭೀಮೆಯನ್ನು ಹಾಯ್ದು, ಸುಮಾರು 100 ಕಿ.ಮೀ. ದೂರದ ಸೊಲ್ಲಾಪುರ ಮುಟ್ಟುವ ಈ ಹೆದ್ದಾರಿಯ ನಗರದ ತುದಿಯಲ್ಲಿ ಎರಡು ಹೆಸರುಗಳಿವೆ. ಅವು ಸುತ್ತಲಿನ ಶಾಲೆಗಳ ಪಂಚಾಂಗವನ್ನೇ ಬದಲಿಸಿವೆ. ಒಂದು ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆಯ ಆವರಣ, ಇನ್ನೊಂದು ಜ್ಞಾನಯೋಗಾಶ್ರಮ.

1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿ, ವಕೀಲರಾಗಿ ಬಿಜಾಪುರಕ್ಕೆ ಬಂದ ಫ.ಗು. ಹಳಕಟ್ಟಿಯವರು 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಹುಟ್ಟಿಗೆ ಕಾರಣರಾದರು. ಊರೂರು ಅಲೆದು, ಮನೆಮನೆಯ ಜಂತಿಯಿಂದ ತಾಡೋಲೆ ಇಳಿಸಿ, ವಚನಗಳನ್ನು ಒಟ್ಟು ಮಾಡಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು. ಹೊರಗಿನ ಮುದ್ರಣಾಲಯ ನಂಬಿ ಕೂಡಲಾಗದು ಎಂದು 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದು, ಮರುವರ್ಷ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ಅವರ ಹುಟ್ಟಿದ ದಿನವನ್ನು ಕರ್ನಾಟಕ ಸರಕಾರ ‘ವಚನ ಸಾಹಿತ್ಯ ಸಂರಕ್ಷಣಾ ದಿನ’ವಾಗಿ ಆಚರಿಸುತ್ತದೆ. ಶಾಲಾ ಮಕ್ಕಳಿಗೆ ಈ ದಿನದ ಅನುಕೂಲ ಬೇರೆಯದೇ. ಬಸವ ಜಯಂತಿ ಬೇಸಿಗೆ ರಜೆಯಲ್ಲಿ ಬಿದ್ದುಬಿಡುತ್ತದೆ. ಬಸವಣ್ಣ ಹುಟ್ಟಿದ ಜಿಲ್ಲೆಯಲ್ಲೇ ಮಕ್ಕಳು ಆ ದಿನ ಸಾಲಿಯಲ್ಲಿರುವುದಿಲ್ಲ. ಜುಲೈ 2ಕ್ಕೆ ಸಾಲಿ ಶುರುವಾಗಿ ತಿಂಗಳಾಗಿರುತ್ತದೆ, ಹೊಸ ಪಾಟಿಚೀಲದ ವಾಸನೆ ಇನ್ನೂ ಹೋಗಿರುವುದಿಲ್ಲ, ವಚನ ಬಾಯಿಪಾಠ ಮಾಡಿಸಲು ಅದೇ ತಕ್ಕ ಹೊತ್ತು.

ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಹುಟ್ಟಿದ್ದು ಈಗಿನ ಟಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ, ಅಕ್ಷರ ಕಲಿತದ್ದೂ ಅದೇ ಊರಲ್ಲಿ. 2018ರಲ್ಲಿ ಪದ್ಮಶ್ರೀ ಬಂದಾಗ ಬೇಡವೆಂದು ಮರಳಿಸಿದರು. ಅವರ ಪ್ರವಚನ ಹೇಳಿದ ಹೊತ್ತಿಗೆ ಶುರುವಾಗಿ, ಹೇಳಿದ ಹೊತ್ತಿಗೆ ಮುಗಿಯುತ್ತಿತ್ತು. 2023ರ ಜನವರಿ 2ರಂದು ಅವರು ತೀರಿಕೊಂಡರು. ಮರುದಿನ ಜಿಲ್ಲೆಯ ಶಾಲೆಗಳಿಗೆ ರಜೆ ಇತ್ತು. ಅಂತಿಮ ದರ್ಶನಕ್ಕೆ ನಗರದ ಸೈನಿಕ ಶಾಲೆಯ ವಿಶಾಲ ಮೈದಾನದಲ್ಲಿ ಏರ್ಪಾಡಾಗಿತ್ತು. ಸೊಲ್ಲಾಪುರ ರಸ್ತೆ ಕಂಡ ಆ ಜನಸಾಗರದಲ್ಲಿ ಹಳ್ಳಿಗಳಿಂದ ಬಂದ ಮಕ್ಕಳೂ ಇದ್ದರು. ತಮಗೆ ಸ್ಮಾರಕ ಬೇಡ ಎಂದು ಸ್ವಾಮೀಜಿ ಮೊದಲೇ ಬರೆದಿಟ್ಟಿದ್ದರು. ಜನವರಿಯ ಆ ದಿನಗಳಲ್ಲಿ ಜಿಲ್ಲೆಯ ಶಾಲೆಗಳಲ್ಲಿ ಅವರ ನೆನಪು ಬರುತ್ತದೆ, ಫೋಟೋಕ್ಕೊಂದು ಹೂವು, ಎರಡು ಮಾತು. ಅವರ ಸಮಯಪಾಲನೆಯನ್ನು ಗ್ಯಾದರಿಂಗಿನ ಅತಿಥಿಗಳೂ ಕಲಿತಿದ್ದರೆ ಎಷ್ಟು ಚೆನ್ನಾಗಿತ್ತು!

ಯಾಕೆಂದರೆ ಗ್ಯಾದರಿಂಗಿನ ದೊಡ್ಡ ಸಂಕಟ ಅತಿಥಿಗಳೇ. ಮಕ್ಕಳು ಸಂಜೆ ಐದಕ್ಕೇ ಬಣ್ಣ ಬಳಿದುಕೊಂಡು ಕೂತಿರುತ್ತವೆ. ಉದ್ಘಾಟಕರು ಎಂಟಕ್ಕೆ ಬರುತ್ತಾರೆ. ಸ್ವಾಗತ, ಪ್ರಾಸ್ತಾವಿಕ, ದೀಪ, ಸನ್ಮಾನ, ಸನ್ಮಾನಿತರ ಮಾತು, ಅಧ್ಯಕ್ಷರ ಮಾತು. ಒಂದನೆಯ ಇಯತ್ತೆಯ ಚಿಟ್ಟೆಗಳು ವೇದಿಕೆಯ ಹಿಂದೆ ರೆಕ್ಕೆ ಸಮೇತ ನಿದ್ದೆ ಹೋಗಿರುತ್ತವೆ. ಎಬ್ಬಿಸಿ ನಿಲ್ಲಿಸಿದರೆ ಅಳು. ಕೆಲವು ಶಾಲೆಗಳು ಇದಕ್ಕೊಂದು ದಾರಿ ಕಂಡುಕೊಂಡಿವೆ: ಸಣ್ಣ ಮಕ್ಕಳ ಕುಣಿತ ಮೊದಲು, ಭಾಷಣ ಆಮೇಲೆ. ಈ ಒಂದು ಬದಲಾವಣೆ ಎಲ್ಲ ಕಡೆ ಆಗಬೇಕು. ಮಕ್ಕಳ ಹಬ್ಬದಲ್ಲಿ ಮಕ್ಕಳು ಕಾಯಬಾರದು.

ಸ್ವಾತಂತ್ರ್ಯ ದಿನ, ಗಣರಾಜ್ಯೋತ್ಸವಗಳಿಗೆ ಈ ಕಾಯಿಸುವ ಕಾಟವಿಲ್ಲ. ಬೆಳಗಾಗುತ್ತಲೇ ಪ್ರಭಾತಫೇರಿ. ಓಣಿಯ ಬಾಗಿಲಲ್ಲಿ ನೀರು ಚಿಮುಕಿಸುತ್ತಿದ್ದ ಹೆಂಗಸರು ಕೈ ತಡೆದು, ಸಾಲಿನಲ್ಲಿ ತಮ್ಮ ಕೂಸು ಎಲ್ಲಿ ಎಂದು ಹುಡುಕುತ್ತಾರೆ. ಹಿರಿಯರ ಬಾಯಲ್ಲಿ ಧ್ವಜ ಇನ್ನೂ ಝೇಂಡಾ. ಝೇಂಡಾ ಏರುತ್ತದೆ, ಕಾಗದದಲ್ಲಿ ಕಟ್ಟಿದ ಬೂಂದಿ ಕೈಗೆ ಬರುತ್ತದೆ, ಮುಗಿಯಿತು.

ಉಣ್ಣುವ ಮಾತು ಬಂದರೆ ಈ ಜಿಲ್ಲೆಗೆ ಒಂದು ಹಿರಿಮೆಯಿದೆ. ಬಿಸಿಯೂಟದ ‘ಅಕ್ಷರ ದಾಸೋಹ’ 2002ರ ಜೂನ್‌ನಲ್ಲಿ ರಾಜ್ಯದ ಏಳು ಜಿಲ್ಲೆಗಳಲ್ಲಿ ಮೊದಲು ಶುರುವಾಯಿತು, ಆ ಏಳರಲ್ಲಿ ವಿಜಯಪುರವೂ ಒಂದು. 2013ರ ಆಗಸ್ಟ್‌ನಿಂದ ಹಾಲು ಬಂತು. 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಕೊಡಲು ತೊಡಗಿದಾಗಲೂ ಮೊದಲ ಏಳು ಜಿಲ್ಲೆಗಳ ಪಟ್ಟಿಯಲ್ಲಿ ಇದೇ ಹೆಸರು ಇತ್ತು. ಎಲ್ಲ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದು ಊರಿನ ಲಗ್ನಗಳಲ್ಲೂ ಸುಲಭವಾಗಿರಲಿಲ್ಲ. ಸಾಲಿಯ ಪಡಸಾಲೆಯಲ್ಲಿ ಅದು ದಿನನಿತ್ಯದ ಮಾತಾಗಿದೆ. ಹಬ್ಬದ ದಿನ ಊರಿನ ಯಾರಾದರೂ ಗೋಧಿ ಹುಗ್ಗಿ ಮಾಡಿಸಿದರೆ, ಬೆಲ್ಲದ ವಾಸನೆ ಮೂರನೆಯ ತಾಸಿಗೇ ವರ್ಗದೊಳಗೆ ನುಗ್ಗಿ ಪಾಠ ನಿಲ್ಲಿಸುತ್ತದೆ.

ಈ ಸಂಭ್ರಮದಲ್ಲಿ ಕೆಲವು ಜಾಗಗಳು ಖಾಲಿ ಇರುತ್ತವೆ. ದೀಪಾವಳಿಯ ಆಸುಪಾಸಿಗೆ ಅನೇಕ ತಾಂಡಾಗಳಿಂದ, ಹಳ್ಳಿಗಳಿಂದ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕೂಲಿಗೆ ಗೋವಾಕ್ಕೆ ಗುಳೆ ಹೋಗುತ್ತವೆ. ಮಕ್ಕಳೂ ಜೊತೆಗೆ ಹೋದರೆ ಹಾಜರಿ ಪುಸ್ತಕದಲ್ಲಿ ಉದ್ದಕ್ಕೆ ಗೈರು. ಅವರನ್ನು ಉಳಿಸಿಕೊಳ್ಳಲು ಋತುಮಾನದ ವಸತಿ ಕೇಂದ್ರಗಳಿದ್ದವು, ಅಜ್ಜ ಅಜ್ಜಿಯರ ಆಸರೆಯೂ ಇದೆ. ಹಾಗೆ ಉಳಿದ ಮಗುವಿನ ಕುಣಿತವನ್ನು ಇಂದು ಯಾರಾದರೂ ಮೊಬೈಲಿನಲ್ಲಿ ಹಿಡಿದು, ಕಬ್ಬಿನ ಗದ್ದೆಯ ಗುಡಿಸಲಿಗೆ ಕಳಿಸುತ್ತಾರೆ. ಅಪ್ಪ ಅವ್ವ ರಾತ್ರಿ ಲಾರಿ ತುಂಬಿಸಿ ಬಂದ ಮೇಲೆ ನೋಡುತ್ತಾರೆ.

ಕೊರೊನಾ ಕಾಲದಲ್ಲಿ ಎಲ್ಲ ಮಕ್ಕಳೂ ಹೀಗೆ ದೂರವಾಗಿದ್ದರು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೆಯ ತರಗತಿಗಳ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಎಣಿಸಿದರೆ ಹತ್ತೊಂಬತ್ತು ತಿಂಗಳು. ಮುಂದಿನ ವರ್ಷ ‘ಕಲಿಕಾ ಚೇತರಿಕೆ’ ನಡೆಯಿತು, ಅದರ ಭಾಗವಾಗಿ 2023ರ ಆರಂಭದಲ್ಲಿ ಕ್ಲಸ್ಟರ್ ಕ್ಲಸ್ಟರ್‌ಗಳಲ್ಲಿ ‘ಕಲಿಕಾ ಹಬ್ಬ’. ಎತ್ತಿನ ಬಂಡಿ, ಕುಂಭ, ಡೊಳ್ಳುಗಳೊಡನೆ ಊರಿಗೆ ಊರೇ ಮೆರವಣಿಗೆ ಹೊರಟಿತು. ಒಂದು ಶಾಲೆಯ ಮಕ್ಕಳು ಇನ್ನೊಂದು ಊರಿನ ಮನೆಗಳಲ್ಲಿ ಉಂಡರು. ಹಾಡು-ಆಡು, ಕಾಗದ-ಕತ್ತರಿ, ಮಾಡು-ಆಡು ಎಂಬ ಮೂಲೆಗಳಿದ್ದವು. ನಾಲ್ಕನೆಯದು ‘ಊರು ತಿಳಿಯೋಣ’. ಮಕ್ಕಳು ಗುಂಪಾಗಿ ಹೊರಟು ಊರನ್ನೇ ಪಾಠಪುಸ್ತಕದಂತೆ ಓದಬೇಕು. ಇದಕ್ಕೆ ವಿಜಯಪುರಕ್ಕಿಂತ ಒಳ್ಳೆಯ ನೆಲ ಎಲ್ಲಿದೆ? ಟಿಕೋಟಾ ದಾರಿಯ ತೊರವಿಯಲ್ಲಿ, ಎರಡನೆಯ ಇಬ್ರಾಹಿಂ ಆದಿಲಶಾಹಿ 1599ರಲ್ಲಿ ಕಟ್ಟಲು ತೊಡಗಿದ ನವರಸಪುರದ ಅವಶೇಷಗಳಿವೆ. ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ 1633ರ, ಮಹಮ್ಮದ್ ಆದಿಲಶಾಹಿಯ ಕಾಲದ ಕೆರೆಯಿದೆ. ಬಾವಿ, ನೆಲದೊಳಗೆ ಧಾನ್ಯ ತುಂಬಿಡುವ ಹಗೇವು, ವೀರಗಲ್ಲು, ದರ್ಗಾ ಇಲ್ಲದ ಊರು ವಿರಳ. ಹಗೇವು ಎಂದರೇನು ಎಂದು ಮಗು ಕೇಳಿದಾಗ ಉತ್ತರ ಕೊಡುವವರು ಕಟ್ಟೆಯ ಮೇಲಿನ ಅಜ್ಜಂದಿರು. ಅವರಿಗೆ ಪಾಠ ಹೇಳುವ ಅವಕಾಶ ಬೇರೆ ಯಾವ ದಿನ ಸಿಕ್ಕೀತು?

ಗಡಿಯಾಚೆಗೂ ಇದೇ ಕನ್ನಡ. ಟಿಕೋಟಾಕ್ಕೆ ಹೊಂದಿದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಮಾಧ್ಯಮ ಶಾಲೆಗಳಿವೆ. ಅಲ್ಲಿಯ ಮಕ್ಕಳು ಮೇ 1ರ ಮಹಾರಾಷ್ಟ್ರ ದಿನದಂದು ಧ್ವಜವಂದನೆಗೆ ನಿಲ್ಲುತ್ತಾರೆ, ಗ್ಯಾದರಿಂಗಿನಲ್ಲಿ ಕನ್ನಡ ಹಾಡಿಗೆ ಒಂದು, ಮರಾಠಿ ಹಾಡಿಗೆ ಒಂದು ಹೆಜ್ಜೆ ಹಾಕುತ್ತಾರೆ. ಎರಡಕ್ಕೂ ಲೇಝಿಮ್ ಒಂದೇ.

ಎಲ್ಲ ಹಬ್ಬಗಳಿಗಿಂತ ಗದ್ದಲದ್ದು ಮಕ್ಕಳ ಸಂತೆ. ಕಾಗದಪತ್ರಗಳಲ್ಲಿ ಇದರ ಹೆಸರು ಮೆಟ್ರಿಕ್ ಮೇಳ, ಹೊಸ ಅಳತೆಗಳನ್ನು ಕಲಿಸುವ ಮೇಳ. 1957ರ ಏಪ್ರಿಲ್‌ನಲ್ಲಿ ರೂಪಾಯಿಗೆ ಹದಿನಾರು ಆಣೆ ಹೋಗಿ ನೂರು ಪೈಸೆ ಬಂತು. ಮುಂದಿನ ಕೆಲವು ವರ್ಷಗಳಲ್ಲಿ ಸೇರು, ಚಟಾಕು, ಮಣಗಳು ಹೋಗಿ ಕಿಲೋ, ಗ್ರಾಂ ಬಂದವು. ಅಜ್ಜಿಯರ ಬಾಯಲ್ಲಿ ಸೇರು ಇನ್ನೂ ಸತ್ತಿಲ್ಲ. ಹೀಗಾಗಿ ಈ ಸಂತೆಯಲ್ಲಿ ಎರಡು ತಲೆಮಾರಿನ ಅಳತೆಗಳು ಎದುರಾಗುತ್ತವೆ. ನಾಲ್ಕನೆಯ ಇಯತ್ತೆಯ ಹುಡುಗಿ ಕಾಲು ಕಿಲೋ ಚವಳಿಕಾಯಿ ತೂಗುತ್ತಾಳೆ, ಅಜ್ಜಿ “ಪಾವಶೇರ ಹಾಕವ್ವ” ಎನ್ನುತ್ತಾಳೆ. ಕಾಲು ಕಿಲೋ ಎಂದರೆ 250 ಗ್ರಾಂ ಎಂದು ಹುಡುಗಿ ವಿವರಿಸುತ್ತಾಳೆ, ಅಜ್ಜಿ ಅಷ್ಟರಲ್ಲಿ ಮೇಲೆ ಎರಡು ಕಾಯಿ ತಾನೇ ಹಾಕಿಕೊಂಡಿರುತ್ತಾಳೆ.

ಮೈದಾನದ ತುಂಬ ಗೋಣಿತಟ್ಟು ಹಾಸಿ ಅಂಗಡಿ. ಮನೆಯ ಹಿತ್ತಲಿನ ಮೆಂತ್ಯೆ, ರಾಜಗಿರಿ, ಕೊತ್ತಂಬರಿ, ಬದನೆ, ಹಸಿ ಕಡಲೆ, ಲಿಂಬೆ. ಒಬ್ಬ ತಾಯಿ ಮಾಡಿಕೊಟ್ಟ ಶೇಂಗಾ ಹೋಳಿಗೆ, ಇನ್ನೊಬ್ಬಳ ಸಜ್ಜಿ ರೊಟ್ಟಿ. ಟಿಕೋಟಾ ಭಾಗವಾದರೆ ಒಣದ್ರಾಕ್ಷಿಯ ಪೊಟ್ಟಣ. ಚಹಾ, ಚುರುಮುರಿ, ಮಿರ್ಚಿ ಭಜಿಯ ಅಂಗಡಿಯ ಮುಂದೆ ಗರ್ದಿ ಹೆಚ್ಚು, ಆ ಅಂಗಡಿಕಾರನ ಲಾಭವೂ ಹೆಚ್ಚು, ಅರ್ಧ ಭಜಿ ಅವನ ಗೆಳೆಯರ ಹೊಟ್ಟೆಯಲ್ಲಿ. ಗಿರಾಕಿಗಳು ಊರಿನವರೇ. ವರ್ಗದಲ್ಲಿ ಬಾಯಿ ಬಿಡದ ಹುಡುಗ ಇಲ್ಲಿ ಗಂಟಲು ಹರಿಯುವಂತೆ ಕೂಗುತ್ತಾನೆ. ಕಳೆಯುವ ಲೆಕ್ಕದಲ್ಲಿ ಸದಾ ತಪ್ಪುವವಳು ಐವತ್ತರ ನೋಟಿಗೆ ಹದಿನೆಂಟು ರೂಪಾಯಿ ಮುರಿದುಕೊಂಡು ಚಿಲ್ಲರೆ ಕೊಡುವಾಗ ತಪ್ಪುವುದಿಲ್ಲ. ಮಾಸ್ತರರು ಮರೆಯಲ್ಲಿ ನಿಂತು ಇದನ್ನೆಲ್ಲ ನೋಡುತ್ತಾರೆ. ಪರೀಕ್ಷೆಯ ಹಾಳೆಯಲ್ಲಿ ಕಾಣದ ಎಷ್ಟೋ ಸಂಗತಿ ಅಲ್ಲಿ ಕಾಣುತ್ತದೆ.

ಈಚೆಗೆ ಗಿರಾಕಿ ಮೊಬೈಲ್ ತೆಗೆದು ‘ಫೋನ್‌ಪೇ ಐತೇನೋ?’ ಎನ್ನುವುದುಂಟು. ಇಲ್ಲ, ರೊಕ್ಕವೇ ಬೇಕು. ನಾಣ್ಯ ಕೈಯಲ್ಲಿ ಎಣಿಸಿದರೆ ಮಾತ್ರ ಈ ಪಾಠ ನಡೆಯುತ್ತದೆ.

ಬಿಸಿಲು ಏರುವ ಹೊತ್ತಿಗೆ ಸಂತೆ ಮುರಿಯುತ್ತದೆ. ಮರುದಿನ ಗಣಿತದ ತಾಸಿನಲ್ಲಿ ಹಲಗೆಯ ಮೇಲೆ ಎಲ್ಲರ ಲೆಕ್ಕ: ಎಷ್ಟು ಬಂಡವಾಳ, ಎಷ್ಟು ಮಾರಾಟ, ಎಷ್ಟು ಉಳಿಯಿತು. ಹಿತ್ತಲಿನ ಕೊತ್ತಂಬರಿಗೆ ಬಂಡವಾಳ ಎಷ್ಟು ಹಿಡಿಯಬೇಕು, ಅವ್ವ ನೀರು ಹಾಕಿದ್ದಕ್ಕೆ ಕೂಲಿ ಹಚ್ಚಬೇಕೋ ಬೇಡವೋ ಎಂಬ ಬಗ್ಗೆ ವರ್ಗದಲ್ಲಿ ಜಗಳವೇ ಏಳುತ್ತದೆ. ಮಾರದೆ ಉಳಿದ ಸೊಪ್ಪನ್ನು ಮಾತ್ರ ಯಾರೂ ಮನೆಗೆ ಒಯ್ದಿರುವುದಿಲ್ಲ. ಸಂತೆಯ ದಿನವೇ ಅದು ಬಿಸಿಯೂಟದ ಅಡುಗೆಮನೆ ಸೇರಿ, ಬ್ಯಾಳಿಯ ಜೊತೆ ಕುದ್ದು, ಮಧ್ಯಾಹ್ನದ ತಾಟಿಗೆ ಬಂದಿರುತ್ತದೆ.